ಎಣ್ಣೆ ಮುಖಕ್ಕೂ ನೀರಿನ ಕೊರತೆ: ನಿಮ್ಮ ಚರ್ಮಕ್ಕೆ ಒಗ್ಗುವ ಮಾಯಿಶ್ಚರೈಸರ್ ಆರಿಸುವ ಬಗೆ

ದಾವಣಗೆರೆಯ ನಮ್ಮ ಮನೆಯಲ್ಲಿ ಕನ್ನಡಿಯ ಪಕ್ಕದ ಗೂಡಿನಲ್ಲಿ ಎರಡು ಡಬ್ಬಿಗಳಿರುತ್ತಿದ್ದವು. ಒಂದು ಸ್ನೋ, ಇನ್ನೊಂದು ಕೋಲ್ಡ್ ಕ್ರೀಮ್. ಸ್ನೋ ವರ್ಷವಿಡೀ ಖರ್ಚಾಗುತ್ತಿತ್ತು. ಕೋಲ್ಡ್ ಕ್ರೀಮ್ ದೀಪಾವಳಿಯ ಆಸುಪಾಸಿನಲ್ಲಿ ಹೊರಬಂದು, ಶಿವರಾತ್ರಿಗೆ ಚಳಿಯ ಜೊತೆಯಲ್ಲೇ ಒಳಗೆ ಸೇರುತ್ತಿತ್ತು. ಆದರೆ ಅಜ್ಜಿ ಮಾತ್ರ ಸ್ನೋ ಮುಟ್ಟುತ್ತಿರಲಿಲ್ಲ. "ಅದನ್ನು ಹಚ್ಚಿದರೆ ಮುಖ ಇನ್ನೂ ಬಿಗಿಯುತ್ತದೆ" ಎನ್ನುತ್ತಿದ್ದರು. ಅವರಿಗೆ ಬೇಸಿಗೆಯಲ್ಲೂ ಕೋಲ್ಡ್ ಕ್ರೀಮೇ ಆಗಬೇಕು. ಮಾಯಿಶ್ಚರೈಸರ್ ಎಂಬ ಮಾತು ನಮ್ಮ ಮನೆಯೊಳಗೆ ಬರುವುದಕ್ಕೆ ಎಷ್ಟೋ ವರ್ಷ ಮೊದಲೇ, ಯಾವ ಚರ್ಮಕ್ಕೆ ಯಾವುದು, ಯಾವ ಕಾಲಕ್ಕೆ ಯಾವುದು ಎಂಬ ಲೆಕ್ಕ ಆ ಗೂಡಿನಲ್ಲಿ ನಡೆದಿತ್ತು.

ಆ ಎರಡು ಡಬ್ಬಿಗಳ ಒಳಗೇನಿತ್ತು ಎಂದು ತಿಳಿದರೆ ಇಂದಿನ ಅಂಗಡಿಯ ಅರ್ಧ ಗೊಂದಲ ಕರಗುತ್ತದೆ. ಕೋಲ್ಡ್ ಕ್ರೀಮ್ ಬಹಳ ಹಳೆಯದು. ಕ್ರಿಸ್ತಶಕ ಎರಡನೆಯ ಶತಮಾನದ ವೈದ್ಯ ಗ್ಯಾಲನ್ ಹೆಸರಿನಲ್ಲಿ ಬಂದಿರುವ ಪಾಕ ಅದು: ಜೇನುಮೇಣ, ಆಲಿವ್ ಎಣ್ಣೆ, ಗುಲಾಬಿ ನೀರು. ಎಣ್ಣೆಯ ಪಾಲು ಹೆಚ್ಚು, ನೀರಿನದು ಕಡಿಮೆ. ಚರ್ಮದ ಮೇಲೆ ಸವರಿದಾಗ ಆ ಸ್ವಲ್ಪ ನೀರು ಆರುತ್ತಾ ತಂಪು ಕೊಡುತ್ತದೆ, ಅದರಿಂದಲೇ ಆ ಹೆಸರು. ಸ್ನೋ ಇದಕ್ಕೆ ತಿರುವುಮುರುವು. ಬಹುಪಾಲು ನೀರು, ಅದರಲ್ಲಿ ಸ್ಟಿಯರಿಕ್ ಆಮ್ಲವೆಂಬ ಗಟ್ಟಿ ಕೊಬ್ಬಿನಾಮ್ಲ, ಅದರ ಒಂದಿಷ್ಟು ಭಾಗ ಕ್ಷಾರದೊಂದಿಗೆ ಸೇರಿ ಸಾಬೂನಿನಂತಾಗಿರುತ್ತದೆ. ಹಚ್ಚಿದಾಗ ಬೆಳ್ಳಗೆ ಕಾಣುತ್ತದೆ, ಉಜ್ಜಿದರೆ ಮಾಯವಾಗುತ್ತದೆ. ಇಂಗ್ಲಿಷಿನಲ್ಲಿ ಅದಕ್ಕೆ ವ್ಯಾನಿಶಿಂಗ್ ಕ್ರೀಮ್ ಎಂದರು. ಮುಂಬಯಿಯ ಇ. ಎಸ್. ಪಾಟಣವಾಲಾ 1919ರಲ್ಲಿ ತಂದ 'ಅಫ್ಘಾನ್ ಸ್ನೋ' ಎಷ್ಟು ಮನೆಮಾತಾಯಿತೆಂದರೆ, ನಮ್ಮ ಕಡೆ ಅಲಂಕಾರಕ್ಕೇ 'ಸ್ನೋ ಪೌಡರ್' ಎಂಬ ಜೋಡಿ ಮಾತು ನಿಂತಿತು.

ಈಗ ಔಷಧದ ಅಂಗಡಿಯಲ್ಲಿ ಸಿಗುವ ಜೆಲ್, ಲೋಷನ್, ಕ್ರೀಮ್, ಬಾಮ್ ಎಲ್ಲವೂ ಈ ಎರಡು ತುದಿಗಳ ನಡುವೆ ಎಲ್ಲೋ ಒಂದು ಕಡೆ ನಿಲ್ಲುತ್ತವೆ. ನಿಮ್ಮ ಮುಖ ಎಲ್ಲಿ ನಿಲ್ಲುತ್ತದೆ ಎಂದು ಕಂಡುಕೊಳ್ಳುವುದು ಉಳಿದ ಕೆಲಸ.

ನೀರು ಬೇರೆ, ಎಣ್ಣೆ ಬೇರೆ

ಉಡುಪಿಯಲ್ಲಿ ಬೆಳೆದ ನನ್ನ ಅಕ್ಕನ ಮಗಳು ಓದಲು ಬೆಂಗಳೂರಿಗೆ ಬಂದಳು. ಡಿಸೆಂಬರ್ ಕಳೆಯುವಷ್ಟರಲ್ಲಿ ಅವಳ ಹಣೆ, ಮೂಗು ಮಿರಿಮಿರಿ ಮಿಂಚುತ್ತಿದ್ದವು. ಅದೇ ಮೂಗಿನ ಎರಡೂ ಬದಿಯಲ್ಲಿ, ಬಾಯಿಯ ಸುತ್ತ ಚರ್ಮ ಹೊಟ್ಟಿನಂತೆ ಏಳುತ್ತಿತ್ತು. ದಿನಕ್ಕೆ ನಾಲ್ಕು ಸಲ ಮುಖ ತೊಳೆಯುತ್ತಿದ್ದಳು. ಏನನ್ನೂ ಹಚ್ಚುತ್ತಿರಲಿಲ್ಲ. "ಚಿಕ್ಕಮ್ಮ, ನನ್ನದು ಮೊದಲೇ ಎಣ್ಣೆ ಮುಖ. ಅದಕ್ಕೆ ಮತ್ತೆ ಕ್ರೀಮ್ ಹಚ್ಚಿದರೆ ಮೊಡವೆ ಏಳುವುದಿಲ್ಲವೇ?" ಎಂದು ಕೇಳಿದಳು. ಈ ಲೇಖನ ಬರೆಯಲು ಅವಳ ಪ್ರಶ್ನೆಯೇ ಕಾರಣ. ಎಷ್ಟೋ ಮಕ್ಕಳು ಇದೇ ಭಯದಲ್ಲಿ ವರ್ಷಗಟ್ಟಲೆ ಉರಿಯುವ ಮುಖ ಹೊತ್ತು ತಿರುಗುತ್ತಾರೆ.

ಉತ್ತರ ಸಿಗುವುದು ಚರ್ಮದ ತೀರಾ ಹೊರಗಿನ ಪದರದಲ್ಲಿ. ಸ್ಟ್ರಾಟಮ್ ಕಾರ್ನಿಯಮ್ ಎಂದು ಅದರ ಹೆಸರು. ಕಾಗದದ ಹಾಳೆಗಿಂತ ಎಷ್ಟೋ ತೆಳು, ಮುಖದಲ್ಲಂತೂ ಕೈಕಾಲಿಗಿಂತಲೂ ತೆಳು. ಅದನ್ನು ವಿಜ್ಞಾನಿಗಳು ಇಟ್ಟಿಗೆ ಗೋಡೆಗೆ ಹೋಲಿಸುತ್ತಾರೆ. ಸತ್ತು ಚಪ್ಪಟೆಯಾದ ಜೀವಕೋಶಗಳು ಇಟ್ಟಿಗೆ. ಅವುಗಳ ನಡುವಿನ ಕೊಬ್ಬಿನಂಶ ಗಾರೆ. ಆ ಗಾರೆಯಲ್ಲಿ ತೂಕದ ಲೆಕ್ಕದಲ್ಲಿ ಸುಮಾರು ಅರ್ಧ ಪಾಲು ಸೆರಾಮೈಡ್, ಕಾಲು ಪಾಲು ಕೊಲೆಸ್ಟರಾಲ್, ಉಳಿದುದರಲ್ಲಿ ಹೆಚ್ಚಿನದು ಕೊಬ್ಬಿನಾಮ್ಲಗಳು. ಒಳಗಿನ ನೀರು ಸುಲಭವಾಗಿ ಆವಿಯಾಗದಂತೆ ತಡೆಯುವುದು ಈ ಗೋಡೆ. ತಡೆದರೂ ಪೂರ್ತಿ ನಿಲ್ಲುವುದಿಲ್ಲ. ಬೆವರಿನ ಲೆಕ್ಕ ಬಿಟ್ಟೇ ನಮ್ಮ ಇಡೀ ಮೈಯ ಚರ್ಮದಿಂದ ದಿನಕ್ಕೆ 300-400 ಮಿಲಿಲೀಟರ್ ನೀರು ಕಣ್ಣಿಗೆ ಕಾಣದಂತೆ ಹೊರಹೋಗುತ್ತದೆ. ಗಾರೆ ಉದುರಿದರೆ ಅದು ಇನ್ನೂ ಹೆಚ್ಚುತ್ತದೆ.

ಮೂಗು, ಹಣೆಗಳ ಮೇಲೆ ಮಿಂಚುವ ಎಣ್ಣೆ ಈ ಗಾರೆಯಲ್ಲ. ಅದು ಸೀಬಮ್, ಅಂದರೆ ಚರ್ಮದ ಎಣ್ಣೆಗ್ರಂಥಿಗಳ ಸ್ರಾವ. ಮುಖದಲ್ಲಿ ಒಂದು ಚದರ ಸೆಂಟಿಮೀಟರಿಗೆ 400ರಿಂದ 900ರವರೆಗೆ ಇಂತಹ ಗ್ರಂಥಿಗಳಿರುತ್ತವೆ. ಅವು ಆಂಡ್ರೊಜೆನ್ ಹಾರ್ಮೋನಿನ ಮಾತು ಕೇಳುತ್ತವೆ; ನೀವು ಎಷ್ಟು ಸಲ ಮುಖ ತೊಳೆದಿರಿ ಎಂಬುದು ಅವಕ್ಕೆ ಲೆಕ್ಕವಿಲ್ಲ. ತೊಳೆದಾಗ ಮೇಲಿನ ಎಣ್ಣೆ ಹೋಗುತ್ತದೆ, ಜೊತೆಗೆ ಸ್ವಲ್ಪ ಸ್ವಲ್ಪವಾಗಿ ಗಾರೆಯೂ ಹೋಗುತ್ತದೆ. ಎಣ್ಣೆ ಕೆಲವೇ ಗಂಟೆಗಳಲ್ಲಿ ವಾಪಸಾಗುತ್ತದೆ, ಗಾರೆ ಅಷ್ಟು ಬೇಗ ಕಟ್ಟಿಕೊಳ್ಳುವುದಿಲ್ಲ. ಹೀಗಾಗಿ ಮೇಲೆ ಜಿಡ್ಡು, ಕೆಳಗೆ ಬಿರುಕು ಎರಡೂ ಒಂದೇ ಮುಖದಲ್ಲಿ ಇರಬಲ್ಲವು. ಅಕ್ಕನ ಮಗಳಿಗೆ ಆಗಿದ್ದುದು ಇದೇ.

ಚರ್ಮ ಮೆತ್ತಗಿರಲು ಬೇಕಾದುದು ನೀರೋ ಎಣ್ಣೆಯೋ ಎಂಬ ಪ್ರಶ್ನೆಗೆ ಅಮೆರಿಕದ ಇರ್ವಿನ್ ಬ್ಲ್ಯಾಂಕ್ 1952ರಲ್ಲಿ ಪ್ರಯೋಗದಿಂದಲೇ ಉತ್ತರ ಕೊಟ್ಟರು. ಜಡ್ಡುಗಟ್ಟಿ ಒಣಗಿದ ಚರ್ಮದ ಚೂರುಗಳನ್ನು ಎಣ್ಣೆಗಳಲ್ಲಿ ಅದ್ದಿಟ್ಟರು. ಅವು ಗಡುಸಾಗಿಯೇ ಉಳಿದವು. ನೀರು ಹೀರಿಕೊಂಡ ಚೂರುಗಳು ಮಾತ್ರ ಬಾಗಿದವು. ಹೊರಪದರದಲ್ಲಿ ಶೇಕಡಾ 10ರಷ್ಟಾದರೂ ನೀರಿರಬೇಕು, ಅದಕ್ಕಿಂತ ಇಳಿದರೆ ಚರ್ಮ ಬಿರುಸಾಗುತ್ತದೆ ಎಂಬ ಅಳತೆ ಬಂದದ್ದು ಆ ಕೆಲಸದಿಂದ. ಎಣ್ಣೆಯ ಕೆಲಸ ನೀರನ್ನು ಹೋಗಗೊಡದೆ ಕಾಯುವುದು. ಮಾಯಿಶ್ಚರೈಸರ್ ಕೊಳ್ಳುವಾಗ ಈ ಭೇದವೊಂದನ್ನು ನೆನಪಿಟ್ಟುಕೊಂಡರೆ ಜಾಹೀರಾತಿನ ಬಹಳಷ್ಟು ಮಾತು ತಾನಾಗಿ ಸರಿದು ನಿಲ್ಲುತ್ತದೆ.

ಡಬ್ಬಿಯೊಳಗಿನ ಮೂರು ಬಗೆ

ಯಾವುದೇ ಮಾಯಿಶ್ಚರೈಸರ್‌ನಲ್ಲಿ ಮೂರು ಬಗೆಯ ವಸ್ತುಗಳಿರುತ್ತವೆ. ಮೊದಲನೆಯವು ನೀರನ್ನು ಹಿಡಿಯುವವು: ಗ್ಲಿಸರಿನ್, ಹಯಲುರಾನಿಕ್ ಆಮ್ಲ, ಯೂರಿಯಾ, ಸಾರ್ಬಿಟಾಲ್. ಎರಡನೆಯವು ಎದ್ದ ಹೊಟ್ಟಿನ ಸಂದುಗಳನ್ನು ತುಂಬಿ ನುಣುಪು ಮಾಡುವವು: ಬಗೆಬಗೆಯ ಸಸ್ಯದ ಎಣ್ಣೆಗಳು, ಕೊಬ್ಬಿನಾಮ್ಲಗಳು, ಸ್ಕ್ವಾಲೇನ್. ಸೆರಾಮೈಡ್‌ಗಳನ್ನೂ ಇಲ್ಲಿಯೇ ಸೇರಿಸಬಹುದು. ಮೂರನೆಯವು ಮುಚ್ಚಳದಂತೆ ಕೂರುವವು: ಪೆಟ್ರೋಲಿಯಂ ಜೆಲ್ಲಿ, ಜೇನುಮೇಣ, ಲ್ಯಾನೊಲಿನ್, ಡೈಮೆಥಿಕೋನ್.

ಇವುಗಳಲ್ಲಿ ಗ್ಲಿಸರಿನ್ ಬಗ್ಗೆ ನನಗೆ ವಿಶೇಷ ಗೌರವ. 1779ರಲ್ಲಿ ಸ್ವೀಡನ್ನಿನ ಕಾರ್ಲ್ ವಿಲ್ಹೆಲ್ಮ್ ಶೀಲೆ ಅದನ್ನು ಬೇರ್ಪಡಿಸಿದರು. ಅಗ್ಗದ ವಸ್ತು, ಅಲರ್ಜಿ ಅತ್ಯಪರೂಪ, ಎಣ್ಣೆ ಮುಖಕ್ಕೂ ಒಣ ಮುಖಕ್ಕೂ ಆಗುತ್ತದೆ. ಹಯಲುರಾನಿಕ್ ಆಮ್ಲವನ್ನು 1934ರಲ್ಲಿ ಕಾರ್ಲ್ ಮೇಯರ್ ಮತ್ತು ಜಾನ್ ಪಾಮರ್ ಹಸುವಿನ ಕಣ್ಣಿನ ದ್ರವದಿಂದ ಪಡೆದರು. ಈಗ ಸೀರಮ್, ಅಂದರೆ ಕ್ರೀಮಿಗೆ ಮೊದಲು ಹಚ್ಚುವ ತೆಳು ದ್ರವದ ಬಾಟಲಿಗಳ ಮೇಲೆಲ್ಲ ಅದರದೇ ಹೆಸರು. ಒಳ್ಳೆಯ ವಸ್ತುವೇ, ಆದರೆ ಅದರ ದೊಡ್ಡ ಅಣುಗಳು ಮೇಲ್ಪದರದಲ್ಲೇ ನಿಲ್ಲುತ್ತವೆ. ಗ್ಲಿಸರಿನ್ ಸಣ್ಣ ಅಣು, ಪದರದೊಳಗೆ ಇಳಿಯುತ್ತದೆ. ಕೈಯಲ್ಲಿ ಹೆಚ್ಚು ಹಣವಿಲ್ಲದ ವಿದ್ಯಾರ್ಥಿಗೆ ಗ್ಲಿಸರಿನ್ ಇರುವ ಸಾದಾ ಲೋಷನ್ ಸಾಕು ಎಂದು ಧೈರ್ಯವಾಗಿ ಹೇಳುತ್ತೇನೆ.

ನೀರು ಹಿಡಿಯುವ ವಸ್ತುಗಳಿಗೆ ಒಂದು ಮಿತಿ ಇದೆ. ಗಾಳಿಯಲ್ಲಿ ತೇವ ಚೆನ್ನಾಗಿರುವ ಮಂಗಳೂರಿನಲ್ಲಿ ಅವು ಗಾಳಿಯಿಂದಲೂ ಸ್ವಲ್ಪ ನೀರು ಎಳೆದುಕೊಳ್ಳಬಲ್ಲವು. ಒಣಗಾಳಿಯಲ್ಲಿ ಅವಕ್ಕೆ ಸಿಗುವುದು ಚರ್ಮದ ಒಳಪದರದಿಂದ ಮೇಲೇರುವ ನೀರೊಂದೇ. ಮೇಲೊಂದು ಮುಚ್ಚಳ ಇಲ್ಲದಿದ್ದರೆ ಅದೂ ಗಾಳಿಗೆ ಹಾರುತ್ತದೆ. ಒಣ ಊರಿನಲ್ಲಿ ಬರೀ ಸೀರಮ್ ಹಚ್ಚಿಕೊಂಡವರು "ಮುಖ ಮೊದಲಿಗಿಂತ ಬಿಗಿಯುತ್ತಿದೆ" ಎನ್ನುವುದು ಇದರಿಂದಲೇ. ಸೀರಮ್ ಆರುವ ಮೊದಲೇ ಅದರ ಮೇಲೆ ಕ್ರೀಮ್ ಬೀಳಬೇಕು.

ಮುಚ್ಚಳಗಳಲ್ಲಿ ಪೆಟ್ರೋಲಿಯಂ ಜೆಲ್ಲಿಯನ್ನು ಮೀರಿಸಿದ್ದು ಇನ್ನೂ ಬಂದಿಲ್ಲ. ರಾಬರ್ಟ್ ಚೀಸ್‌ಬರೋ 1872ರಲ್ಲಿ ವ್ಯಾಸಲೀನ್ ಹೆಸರಿನಲ್ಲಿ ಅದಕ್ಕೆ ಪೇಟೆಂಟ್ ಪಡೆದರು. ಚರ್ಮದಿಂದ ನೀರು ಆವಿಯಾಗುವುದನ್ನು ಅದು ಶೇಕಡಾ 98ರವರೆಗೂ ತಡೆಯಬಲ್ಲದು ಎಂದು ಚರ್ಮಶಾಸ್ತ್ರದ ಪುಸ್ತಕಗಳು ಹೇಳುತ್ತವೆ. ಜಿಗುಟು ಎಂಬುದೊಂದೇ ಅದರ ತೊಂದರೆ. ಆ ಜಿಗುಟು ಬೇಡವೆನ್ನುವವರಿಗೆ ಡೈಮೆಥಿಕೋನ್ ಇದೆ: ಹಗುರ, ರೇಷ್ಮೆಯಂತಹ ಸ್ಪರ್ಶ, ರಂಧ್ರಗಳನ್ನು ಕಟ್ಟುವುದಿಲ್ಲ. ಸಿಲಿಕೋನ್ ಎಂಬ ಹೆಸರು ಕೇಳಿ ಹೆದರುವವರಿದ್ದಾರೆ. ಮೊಡವೆ ಮುಖಕ್ಕೆ ಅದು ಬಹಳ ಒಳ್ಳೆಯ ಸಂಗಾತಿ.

ನಿಮ್ಮ ಚರ್ಮ ಯಾವುದು?

ಸಂಜೆ ಮನೆಗೆ ಬಂದು, ಸೌಮ್ಯವಾದ ಫೇಸ್‌ವಾಶ್‌ನಿಂದ ಮುಖ ತೊಳೆದು, ಮೆತ್ತಗೆ ಒತ್ತಿ ಒರೆಸಿಕೊಳ್ಳಿ. ಏನೂ ಹಚ್ಚದೆ ಒಂದು ಗಂಟೆ ಬಿಡಿ. ಫ್ಯಾನಿನ ಕೆಳಗೆ, ಎ.ಸಿ.ಯ ಎದುರು ಕೂರಬೇಡಿ. ಒಲೆಯ ಮುಂದೆಯೂ ಬೇಡ. ಗಂಟೆಯ ನಂತರ ಹಣೆ, ಮೂಗು, ಕೆನ್ನೆ, ಗಲ್ಲಗಳ ಮೇಲೆ ಬೇರೆಬೇರೆ ಟಿಶ್ಯೂ ಕಾಗದ ಒತ್ತಿ ನೋಡಿ. ಎಲ್ಲ ಕಡೆ ಕಾಗದ ಪಾರದರ್ಶಕವಾದರೆ ಎಣ್ಣೆ ಚರ್ಮ. ಹಣೆ, ಮೂಗು, ಗಲ್ಲದಲ್ಲಿ ಮಾತ್ರ ಆದರೆ ಮಿಶ್ರ ಚರ್ಮ. ಎಲ್ಲಿಯೂ ಇಲ್ಲ, ಜೊತೆಗೆ ನಕ್ಕಾಗ ಕೆನ್ನೆ ಎಳೆದಂತಾಗುತ್ತದೆ ಎಂದರೆ ಒಣ ಚರ್ಮ. ಎಣ್ಣೆಯೂ ಇಲ್ಲ, ಬಿಗಿತವೂ ಇಲ್ಲ ಎಂದರೆ ಸಾಮಾನ್ಯ ಚರ್ಮ. ಅವರು ಯಾವ ಹಗುರ ಲೋಷನ್ ಹಚ್ಚಿದರೂ ನಡೆಯುತ್ತದೆ. ಕಾಗದದಲ್ಲಿ ಎಣ್ಣೆ ಬಂದಿದೆ, ಆದರೂ ಮುಖ ಬಿಗಿದಿದೆ, ಬೆರಳಿನಿಂದ ಕೆನ್ನೆಯನ್ನು ಮೆಲ್ಲಗೆ ಒತ್ತಿದರೆ ಸಣ್ಣ ಸಣ್ಣ ಗೆರೆಗಳೇಳುತ್ತವೆ ಎಂದಾದರೆ ಅಕ್ಕನ ಮಗಳ ಸ್ಥಿತಿ ನಿಮ್ಮದು: ಎಣ್ಣೆ ಇದೆ, ನೀರಿಲ್ಲ.

ಮಧ್ಯಾಹ್ನ ಬಿಸಿಲಲ್ಲಿ ಬಸ್ಸಿನಿಂದಿಳಿದು ಕನ್ನಡಿ ನೋಡಿ 'ನನ್ನದು ಎಣ್ಣೆ ಮುಖ' ಎಂದು ತೀರ್ಮಾನಿಸಬೇಡಿ. ಆಗ ಮಿಂಚುವುದರಲ್ಲಿ ಬೆವರಿನ ಪಾಲೇ ಹೆಚ್ಚು. ಒಮ್ಮೆ ಕಂಡ ಫಲಿತಾಂಶ ಜೀವನಪರ್ಯಂತದ್ದೂ ಅಲ್ಲ. ಹದಿಹರೆಯದಲ್ಲಿ ಎಣ್ಣೆ ಸುರಿದ ಮುಖ ಮುಟ್ಟು ನಿಂತ ಮೇಲೆ ಒಣಗುತ್ತದೆ. ಅಜ್ಜಿಗೆ ಸ್ನೋ ಒಗ್ಗದೆ ಹೋದದ್ದಕ್ಕೆ ವಯಸ್ಸೇ ಕಾರಣವೆಂದು ಈಗ ಅರ್ಥವಾಗುತ್ತದೆ. ವರ್ಷಕ್ಕೆ ಎರಡು ಸಲವಾದರೂ, ಬೇಸಿಗೆಯಲ್ಲೊಮ್ಮೆ ಚಳಿಯಲ್ಲೊಮ್ಮೆ, ಈ ಕಾಗದದ ಪರೀಕ್ಷೆ ಮಾಡುವುದು ಒಳ್ಳೆಯದು.

ಎಣ್ಣೆ ಚರ್ಮದವರಿಗೆ

ಜೆಲ್ ಅಥವಾ ತೆಳುವಾದ ಲೋಷನ್ ಆರಿಸಿ. ಡಬ್ಬಿಯ ಹಿಂದಿನ ವಸ್ತುಗಳ ಪಟ್ಟಿಯಲ್ಲಿ ನೀರು ಮೊದಲಿರಲಿ, ಗ್ಲಿಸರಿನ್ ಮೇಲಿನ ಸಾಲಿನಲ್ಲಿರಲಿ, ಮುಚ್ಚಳವಾಗಿ ಡೈಮೆಥಿಕೋನ್ ಇದ್ದರೆ ಸಾಕು. ಶೇಕಡಾ 2ರಿಂದ 5ರಷ್ಟು ನಯಾಸಿನಮೈಡ್ ಇರುವುದು ಸಿಕ್ಕರೆ ಇನ್ನೂ ಒಳ್ಳೆಯದು; ಅದು ಬಿ3 ಜೀವಸತ್ವದ ಒಂದು ರೂಪ. ಚರ್ಮವೇ ಹೆಚ್ಚು ಸೆರಾಮೈಡ್ ಮಾಡಿಕೊಳ್ಳುವಂತೆ ನೆರವಾಗುತ್ತದೆ, ಜಿಡ್ಡನ್ನೂ ತುಸು ತಗ್ಗಿಸುತ್ತದೆ. ಹೆಚ್ಚು ಸಾಂದ್ರತೆ ಇದ್ದರೆ ಹೆಚ್ಚು ಲಾಭ ಎಂದುಕೊಂಡು ಶೇಕಡಾ 10ರ ಬಾಟಲಿಗೆ ಹೋದವರಲ್ಲಿ ಕೆಲವರಿಗೆ ಮುಖ ಕೆಂಪಾಗಿ ಉರಿಯುತ್ತದೆ.

ಮೊಡವೆಗೆ ವೈದ್ಯರು ಅಡಾಪಲೀನ್, ಬೆನ್ಜಾಯಿಲ್ ಪೆರಾಕ್ಸೈಡ್ ಅಥವಾ ಐಸೊಟ್ರೆಟಿನಾಯಿನ್ ಕೊಟ್ಟಿದ್ದರೆ ಮಾಯಿಶ್ಚರೈಸರ್ ಆ ಚಿಕಿತ್ಸೆಯ ಭಾಗವೇ ಆಗಬೇಕು. ಆ ಔಷಧಗಳು ಚರ್ಮವನ್ನು ಒಣಗಿಸುತ್ತವೆ. ಉರಿ ತಾಳಲಾರದೆ ಎರಡೇ ವಾರಕ್ಕೆ ಔಷಧ ಬಿಟ್ಟು, 'ನನಗೆ ಯಾವುದೂ ಹಿಡಿಸುವುದಿಲ್ಲ' ಎಂದು ಕೈಚೆಲ್ಲಿದವರನ್ನು ಹತ್ತಿರದಿಂದ ಕಂಡಿದ್ದೇನೆ. ಅವರಿಗೆ ಬೇಕಾಗಿದ್ದುದು ಜೊತೆಯಲ್ಲೊಂದು ಸಾದಾ ಲೋಷನ್.

ಇನ್ನು ಕೊಬ್ಬರಿ ಎಣ್ಣೆಯ ಮಾತು. ಕರಾವಳಿಯ ಮನೆಯಲ್ಲಿ ಇದನ್ನು ಎತ್ತಿದರೆ ಚರ್ಚೆ ಬೇಗ ಮುಗಿಯುವುದಿಲ್ಲ. ಒಣಗಿದ ಕೈಕಾಲಿಗೆ ಅದು ನಿಜಕ್ಕೂ ಒಳ್ಳೆಯದು. ಫಿಲಿಪೈನ್ಸ್‌ನಲ್ಲಿ ನಡೆದು 2004ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಒಣಚರ್ಮದವರಿಗೆ ಅದು ಮಿನರಲ್ ಎಣ್ಣೆಯಷ್ಟೇ ಗುಣ ಕೊಟ್ಟಿತು. ಆದರೆ ಮೊಡವೆ ಏಳುವ ಮುಖದ ಕತೆ ಬೇರೆ. ರಂಧ್ರ ಕಟ್ಟುವ ವಸ್ತುಗಳ ಪಟ್ಟಿಯಲ್ಲಿ ಕೊಬ್ಬರಿ ಎಣ್ಣೆ ಮೇಲಿನ ಸ್ಥಾನದಲ್ಲೇ ಇರುತ್ತದೆ. ಜೊತೆಗೆ ನಮ್ಮ ಚರ್ಮದ ಮೇಲೆ ಸದಾ ಇರುವ ಮಲಸೀಜಿಯಾ ಎಂಬ ಶಿಲೀಂಧ್ರ ಇಂತಹ ಕೊಬ್ಬಿನಾಮ್ಲಗಳನ್ನೇ ತಿಂದು ಬೆಳೆಯುತ್ತದೆ. ಹಣೆಯ ಮೇಲೆ ಒಂದೇ ಗಾತ್ರದ, ತುರಿಸುವ ಸಣ್ಣ ಗುಳ್ಳೆಗಳು ಗುಂಪಾಗಿ ಏಳುತ್ತಿದ್ದರೆ ತಲೆಗೆ ಹಚ್ಚಿದ ಎಣ್ಣೆ ಹಣೆಗೆ ಇಳಿಯುತ್ತಿದೆಯೇ ಎಂದು ಗಮನಿಸಿ. ಮಲಗುವ ಮುನ್ನ ತಲೆಗೆ ಎಣ್ಣೆ ಹಚ್ಚುವ ಬದಲು, ಸ್ನಾನಕ್ಕೆ ಒಂದು ಗಂಟೆ ಮೊದಲು ಹಚ್ಚಿ ತೊಳೆದುಕೊಂಡರೆ ಎಷ್ಟೋ ಜನರ ಹಣೆ ತಿಳಿಯಾಗುತ್ತದೆ.

ಡಬ್ಬಿಯ ಮೇಲಿನ 'ನಾನ್ ಕಾಮಿಡೋಜೆನಿಕ್' ಎಂಬ ಮಾತಿಗೆ, ಅಂದರೆ ರಂಧ್ರ ಕಟ್ಟುವುದಿಲ್ಲ ಎಂಬ ಭರವಸೆಗೆ, ಎಷ್ಟು ಬೆಲೆ ಕೊಡಬೇಕು? ಸೌಂದರ್ಯವರ್ಧಕಗಳಿಂದಲೇ ಮೊಡವೆ ಬರಬಹುದೆಂದು 1972ರಲ್ಲಿ ಅಮೆರಿಕದ ಚರ್ಮವೈದ್ಯರಾದ ಆಲ್ಬರ್ಟ್ ಕ್ಲಿಗ್ಮನ್ ಮತ್ತು ಓಟಿಸ್ ಮಿಲ್ಸ್ ಬರೆದರು. ಅಂದು ವಸ್ತುಗಳನ್ನು ಪರೀಕ್ಷಿಸುತ್ತಿದ್ದುದು ಮೊಲದ ಕಿವಿಯ ಒಳಭಾಗದ ಮೇಲೆ. ಮೊಲದ ಕಿವಿ ನಮ್ಮ ಮುಖಕ್ಕಿಂತ ಬೇಗ ಕಟ್ಟಿಕೊಳ್ಳುತ್ತದೆ. ಒಂದೊಂದು ವಸ್ತುವಿಗೆ ಕೊಟ್ಟ ಅಂಕ ಇಡೀ ಕ್ರೀಮಿಗೆ ಅನ್ವಯಿಸಬೇಕೆಂದೂ ಇಲ್ಲ. ಎರಡು ಡಬ್ಬಿಗಳಲ್ಲಿ ಒಂದನ್ನು ಆರಿಸುವಾಗ ಆ ಮಾತಿರುವುದನ್ನು ಎತ್ತಿಕೊಳ್ಳಿ. ಮೊಡವೆ ಬರುವುದೇ ಇಲ್ಲ ಎಂಬ ವಚನವೆಂದು ಮಾತ್ರ ನಂಬಬೇಡಿ.

ಒಣ ಚರ್ಮ, ಮಿಶ್ರ ಚರ್ಮ

ಒಣ ಚರ್ಮಕ್ಕೆ ಮೂರೂ ಬಗೆಯ ವಸ್ತುಗಳು ಧಾರಾಳವಾಗಿ ಬೇಕು. ದಪ್ಪನೆಯ ಕ್ರೀಮ್ ನೋಡಿ: ಗ್ಲಿಸರಿನ್, ಸೆರಾಮೈಡ್, ಶಿಯಾ ಬೆಣ್ಣೆ, ಪೆಟ್ರೋಲಿಯಂ ಜೆಲ್ಲಿ ಅಥವಾ ಮಿನರಲ್ ಎಣ್ಣೆ. ಗಾರೆಯಲ್ಲಿರುವಂತೆಯೇ ಸೆರಾಮೈಡ್, ಕೊಲೆಸ್ಟರಾಲ್, ಕೊಬ್ಬಿನಾಮ್ಲ ಮೂರೂ ಕೂಡಿದ ಕ್ರೀಮ್ ಕೆಟ್ಟ ಗೋಡೆಯನ್ನು ಚೆನ್ನಾಗಿ ಕಟ್ಟುತ್ತದೆ. ಹಚ್ಚುವ ಹೊತ್ತು ಕೂಡ ಮುಖ್ಯ. ಮುಖ ತೊಳೆದು ಒರೆಸಿದ ಎರಡು ಮೂರು ನಿಮಿಷದೊಳಗೆ, ಚರ್ಮ ಇನ್ನೂ ಹಸಿಯಾಗಿರುವಾಗಲೇ ಹಚ್ಚಬೇಕು. ಒಣಗಿದ ಮೇಲೆ ಹಚ್ಚಿದ ಕ್ರೀಮಿಗೆ ಕಾಯಲು ನೀರೇ ಉಳಿದಿರುವುದಿಲ್ಲ. ರಾತ್ರಿ ತೀರಾ ಬಿರಿದ ಜಾಗಗಳ ಮೇಲೆ ಪೆಟ್ರೋಲಿಯಂ ಜೆಲ್ಲಿಯ ತೆಳು ಲೇಪ ಕೊಟ್ಟು ಮಲಗಿದರೆ ಬೆಳಗಿನ ಹೊತ್ತಿಗೆ ವ್ಯತ್ಯಾಸ ಕಾಣುತ್ತದೆ.

ಮನೆಯಲ್ಲಿ ಸಿಗುವ ಎಣ್ಣೆಗಳೆಲ್ಲ ಒಂದೇ ಅಲ್ಲ. ಬ್ರಿಟನ್ನಿನಲ್ಲಿ ನಡೆದು 2013ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಆಲಿವ್ ಎಣ್ಣೆ ಚರ್ಮದ ಗೋಡೆಯನ್ನು ಸಡಿಲಗೊಳಿಸಿತು, ಸೂರ್ಯಕಾಂತಿ ಎಣ್ಣೆ ಹಾಗೆ ಮಾಡಲಿಲ್ಲ. ಸೂರ್ಯಕಾಂತಿಯಲ್ಲಿ ಲಿನೊಲಿಯಿಕ್ ಆಮ್ಲ ಹೆಚ್ಚು. ಚರ್ಮ ತನ್ನ ಸೆರಾಮೈಡ್ ಕಟ್ಟಲು ಬಳಸುವುದು ಅದನ್ನೇ. ದುಬಾರಿ ಆಲಿವ್ ಎಣ್ಣೆಯೇ ಶ್ರೇಷ್ಠವೆಂದು ಮಗುವಿಗೂ ಹಚ್ಚುವವರು ಇದನ್ನು ತಿಳಿದಿರಲಿ.

ಚಿಕ್ಕಂದಿನಿಂದಲೂ ಮೈ ಒಣಗಿ ಹೊಟ್ಟಾಗುವುದು, ಅಂಗೈಯಲ್ಲಿ ಲೆಕ್ಕವಿಲ್ಲದಷ್ಟು ಗೆರೆಗಳಿರುವುದು, ಮನೆಯಲ್ಲಿ ಉಬ್ಬಸ ಅಥವಾ ಇಸುಬು ಇರುವುದು, ಇವು ಒಟ್ಟಿಗೆ ಕಂಡರೆ ಅದು ಹುಟ್ಟಿನಿಂದ ಬಂದದ್ದಿರಬಹುದು. ಚರ್ಮದೊಳಗೆ ನೀರು ಹಿಡಿಯುವ ಅಂಶವನ್ನು ಒದಗಿಸುವ ಫಿಲಗ್ರಿನ್ ಎಂಬ ಪ್ರೋಟೀನಿನ ಜೀನ್‌ನಲ್ಲಿನ ದೋಷಕ್ಕೂ ಇಂತಹ ಚರ್ಮಕ್ಕೂ ಇರುವ ನಂಟನ್ನು ಸ್ಕಾಟ್ಲೆಂಡಿನ ಡಂಡೀ ವಿಶ್ವವಿದ್ಯಾಲಯದ ತಂಡ 2006ರಲ್ಲಿ ತೋರಿಸಿತು. ಅಂಥವರಿಗೆ ಮಾಯಿಶ್ಚರೈಸರ್ ಅಲಂಕಾರವಲ್ಲ, ದಿನನಿತ್ಯದ ಔಷಧ. 'ಹುಡುಗನಿಗೆ ಎಂತಹ ಕ್ರೀಮ್' ಎಂದು ದಯವಿಟ್ಟು ತಡೆಯಬೇಡಿ.

ಮಿಶ್ರ ಚರ್ಮದವರು ಎರಡು ಡಬ್ಬಿ ಕೊಳ್ಳಬೇಕಿಲ್ಲ. ಒಂದೇ ಹಗುರ ಲೋಷನ್ ಅನ್ನು ಇಡೀ ಮುಖಕ್ಕೆ ಹಚ್ಚಿ, ಕೆನ್ನೆಗೆ ಇನ್ನೊಂದು ಪದರ ಕೊಟ್ಟರೆ ಮುಗಿಯಿತು.

ಸೂಕ್ಷ್ಮ ಚರ್ಮ ಮತ್ತು ನಮ್ಮ ಬಣ್ಣ

ಸೂಕ್ಷ್ಮತೆ ಯಾವ ಚರ್ಮದ ಜೊತೆಗೂ ಬರಬಹುದು. ಹೊಸ ಕ್ರೀಮ್ ಹಚ್ಚಿದರೆ ಚುರುಗುಟ್ಟುವುದು, ಕೆಂಪಾಗುವುದು, ತುರಿಸುವುದು ಅದರ ಗುರುತು. ಇವರು ಆರಿಸಬೇಕಾದದ್ದು ವಸ್ತುಗಳ ಪಟ್ಟಿ ಚಿಕ್ಕದಾಗಿರುವ, ಪರಿಮಳವೇ ಇಲ್ಲದ ಕ್ರೀಮ್. ಗುಲಾಬಿ, ಲ್ಯಾವೆಂಡರ್, ಗಂಧದ ಎಣ್ಣೆಗಳೂ ಪರಿಮಳವೇ. ನೈಸರ್ಗಿಕ ಎಂದಾಕ್ಷಣ ಅಲರ್ಜಿ ಆಗುವುದಿಲ್ಲವೆಂದಲ್ಲ. ಹಿತ್ತಲಿನ ಲೋಳೆಸರ ತರುವವರು ಎಲೆ ಕೊಯ್ದ ಕೂಡಲೇ ಒಸರುವ ಹಳದಿ ರಸವನ್ನು ಪೂರ್ತಿ ಬಸಿದು ತೊಳೆಯಿರಿ, ತಿಳಿಯಾದ ಲೋಳೆಯನ್ನಷ್ಟೇ ಬಳಸಿರಿ. ಆ ಹಳದಿ ರಸ ಚರ್ಮವನ್ನು ಕೆರಳಿಸುತ್ತದೆ. ನಿಂಬೆರಸವನ್ನು ಮುಖಕ್ಕೆ ಹಚ್ಚಲೇಬೇಡಿ. ಅದರ ಹುಳಿ ಚರ್ಮಕ್ಕೆ ವಿಪರೀತ, ಅದರ ಮೇಲೆ ಬಿಸಿಲು ಬಿದ್ದರೆ ಸುಟ್ಟ ಹಾಗೆ ಕಲೆ ಉಳಿಯಬಹುದು.

ನಮ್ಮಂತಹ ಗೋಧಿ ಬಣ್ಣದ, ಕಪ್ಪು ಬಣ್ಣದ ಚರ್ಮಕ್ಕೆ ಈ ಎಚ್ಚರ ಇನ್ನೂ ಹೆಚ್ಚು ಬೇಕು. ಉರಿ, ಕೆಂಪು ವಾರದಲ್ಲಿ ಇಳಿಯುತ್ತವೆ. ಅವು ಬಿಟ್ಟುಹೋಗುವ ಕಪ್ಪು ಕಲೆ ತಿಂಗಳುಗಟ್ಟಲೆ ನಿಲ್ಲುತ್ತದೆ. ಬಂಗು ಇರುವವರ ಮುಖದಲ್ಲಿ ಚರ್ಮ ಕೆರಳಿದಷ್ಟೂ ಬಂಗು ಗಾಢವಾಗುವ ಅಪಾಯವಿದೆ.

ಆ ಕಲೆಗಳ ಆತಂಕದಲ್ಲೇ ಹಲವರು ಅಪಾಯಕ್ಕೆ ಕೈ ಹಾಕುತ್ತಾರೆ. ವಾರದಲ್ಲಿ ಮುಖ ಬೆಳ್ಳಗೆ, ನುಣ್ಣಗೆ ಮಾಡುವ ಟ್ಯೂಬ್ ಎಂದು ಯಾರಾದರೂ ಕೊಟ್ಟರೆ ಅದು ಮಾಯಿಶ್ಚರೈಸರ್ ಅಲ್ಲ, ಅದರಲ್ಲಿ ಸ್ಟೀರಾಯ್ಡ್ ಇರುವ ಸಾಧ್ಯತೆ ದೊಡ್ಡದು. ಹಚ್ಚುತ್ತಾ ಹೋದರೆ ಚರ್ಮ ತೆಳುವಾಗಿ, ಸಣ್ಣ ರಕ್ತನಾಳಗಳು ಕಾಣತೊಡಗುತ್ತವೆ, ಮುಖದಲ್ಲಿ ರೋಮ ಬೆಳೆಯುತ್ತದೆ, ಬಿಟ್ಟರೆ ಬೆಂಕಿಯಂತೆ ಉರಿಯುತ್ತದೆ. ಈ ಹಾವಳಿ ಕಂಡೇ ಕೇಂದ್ರ ಸರ್ಕಾರ 2018ರಲ್ಲಿ ಹಲವು ಸ್ಟೀರಾಯ್ಡ್ ಮುಲಾಮುಗಳನ್ನು ವೈದ್ಯರ ಚೀಟಿ ಇಲ್ಲದೆ ಮಾರಬಾರದ ಔಷಧಗಳ ಪಟ್ಟಿಗೆ ಸೇರಿಸಿತು. 2023ರಲ್ಲಿ ಕೇರಳದ ಮಲಪ್ಪುರಂನಿಂದ ಬಂದ ಸುದ್ದಿ ಇದಕ್ಕಿಂತ ಭೀಕರ: ಪಾದರಸ ಬೆರೆತ, ಬಿಳುಪಿನ ಕ್ರೀಮ್ ಹಚ್ಚಿದವರ ಮೂತ್ರಪಿಂಡಗಳಿಗೇ ಹಾನಿಯಾಗಿತ್ತು. ತಯಾರಕರ ವಿಳಾಸ, ಪರವಾನಗಿ ಸಂಖ್ಯೆ, ವಸ್ತುಗಳ ಪಟ್ಟಿ ಇಲ್ಲದ ಡಬ್ಬಿಯನ್ನು ಮುಖದ ಹತ್ತಿರ ತರಬೇಡಿ.

ಊರಿನ ಗಾಳಿ, ಊರಿನ ನೀರು

ಉಡುಪಿಯಲ್ಲಿ ಏನೂ ಹಚ್ಚದೆ ಚೆನ್ನಾಗಿದ್ದ ಮುಖ ಬೆಂಗಳೂರಿನಲ್ಲಿ ಕೆಟ್ಟದ್ದೇಕೆ? ಕಡಲ ಬದಿಯ ಗಾಳಿ ವರ್ಷವಿಡೀ ತೇವ ಹೊತ್ತಿರುತ್ತದೆ. ಸಮುದ್ರಮಟ್ಟದಿಂದ 900 ಮೀಟರಿಗಿಂತ ಎತ್ತರದಲ್ಲಿರುವ ಬೆಂಗಳೂರಿನಲ್ಲಿ ಜನವರಿಯಿಂದ ಮಾರ್ಚ್‌ವರೆಗೆ ಮಧ್ಯಾಹ್ನದ ಗಾಳಿ ತೀರಾ ಒಣ. ಕಲಬುರಗಿ, ವಿಜಯಪುರ, ರಾಯಚೂರಿನ ಬೇಸಿಗೆಯಲ್ಲಿ ಬಿಸಿಯೂ ಒಣಗಾಳಿಯೂ ಕೂಡಿಬರುತ್ತವೆ. ಅಲ್ಲಿ ಬೆವರು ಬರುತ್ತದೆಂದು ಮಾಯಿಶ್ಚರೈಸರ್ ಬಿಡುವುದು ತಪ್ಪು. ದಪ್ಪ ಕ್ರೀಮಿನಿಂದ ಜೆಲ್‌ಗೆ ಇಳಿದರೆ ಸಾಕು. ದಿನವಿಡೀ ಎ.ಸಿ. ಕೋಣೆಯಲ್ಲಿ ಕೆಲಸ ಮಾಡುವವರು ಯಾವ ಊರಿನಲ್ಲಿದ್ದರೂ ಒಣ ಊರಿನ ಲೆಕ್ಕ ಹಿಡಿಯಲಿ. ಅಮೆರಿಕದ ಹಿಮದ ಊರುಗಳಲ್ಲಿ ಹೀಟರ್ ಹಾಕಿಕೊಂಡಿರುವ ನಮ್ಮವರಿಗೂ ಇದೇ ಮಾತು. ಊರಿನಿಂದ ಕಟ್ಟಿಕೊಂಡು ಹೋದ ಲೋಷನ್ ಅಲ್ಲಿ ಒಂದು ವಾರಕ್ಕೇ ಸಾಲದಾಗುತ್ತದೆ.

ನೀರಿನದು ಇನ್ನೊಂದು ತೊಡಕು. ಬೋರ್‌ವೆಲ್ಲಿನ ಗಡಸು ನೀರಿನಲ್ಲಿ ಕ್ಯಾಲ್ಸಿಯಂ, ಮೆಗ್ನೀಸಿಯಂ ಹೆಚ್ಚು. ಅವು ಸಾಬೂನಿನೊಂದಿಗೆ ಸೇರಿ ಬಕೆಟ್ಟಿನಲ್ಲಿ ಕಟ್ಟುವ ಬಿಳಿ ಕಸರಿನಂತಹುದೇ ಚರ್ಮದ ಮೇಲೂ ಉಳಿಯುತ್ತದೆ. ಆರೋಗ್ಯವಂತ ಚರ್ಮ ತುಸು ಹುಳಿ, ಹುಳಿ-ಕ್ಷಾರ ಅಳೆಯುವ ಪಿಎಚ್ ಸಂಖ್ಯೆ ಅದರಲ್ಲಿ 5ರ ಆಸುಪಾಸು. ಕ್ಷಾರವಾದ ಸಾದಾ ಸಾಬೂನಿನದು 9ರಿಂದ 10. ಎಷ್ಟೇ ದುಬಾರಿ ಕ್ರೀಮ್ ಹಚ್ಚಿದರೂ ದಿನಕ್ಕೆ ಮೂರು ಬಾರಿ ಮೈಗೆ ಹಚ್ಚುವ ಸಾಬೂನಿನಿಂದ ಮುಖ ತಿಕ್ಕುತ್ತಿದ್ದರೆ ಗೋಡೆ ನಿಲ್ಲುವುದಿಲ್ಲ. ಪಿಎಚ್ 5.5ರ ಹತ್ತಿರದ ಫೇಸ್‌ವಾಶ್, ದಿನಕ್ಕೆ ಎರಡು ಸಲ. ಉಳಿದ ಹೊತ್ತು ಬರೀ ನೀರು.

ಪಟ್ಟಿ ಓದುವುದು

ಡಬ್ಬಿಯ ಹಿಂದಿನ ಸಣ್ಣಕ್ಷರದ ಪಟ್ಟಿಯಲ್ಲಿ ವಸ್ತುಗಳು ಪ್ರಮಾಣದ ಇಳಿಕೆಯ ಕ್ರಮದಲ್ಲಿರುತ್ತವೆ. ಶೇಕಡಾ 1ಕ್ಕಿಂತ ಕಡಿಮೆ ಇರುವುದನ್ನು ಕೊನೆಯಲ್ಲಿ ಹೇಗೆ ಬೇಕಾದರೂ ಜೋಡಿಸಬಹುದು. ಆ ಗೆರೆ ಎಲ್ಲಿದೆಯೆಂದು ತಿಳಿಯಲು ಒಂದು ಉಪಾಯ: ಫಿನಾಕ್ಸಿಎಥನಾಲ್ ಎಂಬ ಸಂರಕ್ಷಕವನ್ನು ಸಾಮಾನ್ಯವಾಗಿ ಶೇಕಡಾ 1ಕ್ಕಿಂತ ಹೆಚ್ಚು ಹಾಕುವುದಿಲ್ಲ. ಅದರ ನಂತರ ಬಂದ ಕೇಸರಿ, ಬಾದಾಮಿ, ಗಂಧಗಳೆಲ್ಲ ಹೆಚ್ಚೆಂದರೆ ಅಷ್ಟೇ. ಡಬ್ಬಿಯ ಮುಂದೆ ದೊಡ್ಡ ಬಾದಾಮಿಯ ಚಿತ್ರವಿದ್ದು, ಬಾದಾಮಿ ಎಣ್ಣೆ ಫಿನಾಕ್ಸಿಎಥನಾಲ್‌ನ ಕೆಳಗಿದ್ದರೆ ನೀವು ಹಣ ಕೊಡುತ್ತಿರುವುದು ಚಿತ್ರಕ್ಕೆ. 'ಚರ್ಮತಜ್ಞರಿಂದ ಪರೀಕ್ಷಿತ' ಎಂಬ ಮುದ್ರೆಯೂ ಎಷ್ಟು ಜನರ ಮೇಲೆ ಪರೀಕ್ಷಿಸಿದರು, ಏನು ಕಂಡರು ಎಂಬುದನ್ನು ತಿಳಿಸುವುದಿಲ್ಲ.

ಎಸ್‌ಪಿಎಫ್ (ಬಿಸಿಲಿನಿಂದ ಕಾಯುವ ಶಕ್ತಿಯ ಸಂಖ್ಯೆ) ಇರುವ ಮಾಯಿಶ್ಚರೈಸರ್ ಕೊಂಡು ಸನ್‌ಸ್ಕ್ರೀನ್ ಬಿಡುವವರಿಗೆ ಒಂದು ಮಾತು. ಆ ಸಂಖ್ಯೆ ಬರುವುದು ಒಂದು ಚದರ ಸೆಂಟಿಮೀಟರಿಗೆ 2 ಮಿಲಿಗ್ರಾಂ ಹಚ್ಚಿ ಅಳೆದಾಗ. ಮಾಯಿಶ್ಚರೈಸರ್ ಅನ್ನು ಯಾರೂ ಅಷ್ಟು ದಪ್ಪ ಹಚ್ಚುವುದಿಲ್ಲ. ಬಿಸಿಲಿಗೆ ಹೋಗುವುದಿದ್ದರೆ ಮಾಯಿಶ್ಚರೈಸರ್ ಮೇಲೆ ಸನ್‌ಸ್ಕ್ರೀನ್ ಬೇರೆಯಾಗಿಯೇ ಬೇಕು.

ಕೊಂಡ ಮೇಲೆ

ಚಿಕ್ಕ ಟ್ಯೂಬನ್ನೇ ಮೊದಲು ಕೊಳ್ಳಿ. ಮುಂಗೈಯ ಒಳಭಾಗದಲ್ಲಿ, ಮೊಣಕೈ ಮಡಿಕೆಯ ಹತ್ತಿರ ಒಂದು ರೂಪಾಯಿ ನಾಣ್ಯದಷ್ಟು ಜಾಗಕ್ಕೆ ದಿನಕ್ಕೆರಡು ಬಾರಿಯಂತೆ ಒಂದು ವಾರ ಹಚ್ಚಿ ನೋಡಿ. ಅಲರ್ಜಿ ಮೊದಲ ದಿನವೇ ಕಾಣಿಸಬೇಕೆಂದಿಲ್ಲ. ಒಂದೇ ಸಲ ಹಚ್ಚಿ ಅರ್ಧ ಗಂಟೆ ಕಾದು ನಿರ್ಧರಿಸುವುದರಿಂದ ಹೆಚ್ಚೇನೂ ತಿಳಿಯುವುದಿಲ್ಲ. ಅಲ್ಲಿ ಏನೂ ಆಗದಿದ್ದರೆ ಮುಖಕ್ಕೆ ಬನ್ನಿ. ಒಂದು ಸಲಕ್ಕೆ ಕಡಲೆಕಾಳಿನಷ್ಟು ಸಾಕು, ಒಣ ಚರ್ಮಕ್ಕೆ ಅದರ ಎರಡರಷ್ಟು. ಆ ಒಂದು ತಿಂಗಳು ಬೇರೆ ಯಾವ ಹೊಸ ಸಾಮಾನನ್ನೂ ಸೇರಿಸಬೇಡಿ. ಸೇರಿಸಿದರೆ ಯಾವುದರಿಂದ ಗುಣವಾಯಿತು, ಯಾವುದರಿಂದ ಕೆಟ್ಟಿತು ಎಂದು ತಿಳಿಯುವ ದಾರಿಯೇ ಇರುವುದಿಲ್ಲ. ಚರ್ಮದ ಮೇಲ್ಭಾಗ ಕೆಳಗಿನಿಂದ ಹೊಸದಾಗಿ ಬರಲು ಹೆಚ್ಚುಕಡಿಮೆ ನಾಲ್ಕು ವಾರ ಬೇಕು, ಆದ್ದರಿಂದ ಮೂರೇ ದಿನಕ್ಕೆ ಡಬ್ಬಿ ಬದಲಿಸಬೇಡಿ. ಉರಿ, ಊತ ಬಂದರೆ ಮಾತ್ರ ಆ ಕ್ಷಣವೇ ನಿಲ್ಲಿಸಿ.

ಅಕ್ಕನ ಮಗಳು ದಿನಕ್ಕೆ ನಾಲ್ಕು ಸಲ ತೊಳೆಯುವುದನ್ನು ಎರಡಕ್ಕೆ ಇಳಿಸಿದಳು. ಗ್ಲಿಸರಿನ್, ಡೈಮೆಥಿಕೋನ್ ಇರುವ, ಪರಿಮಳವಿಲ್ಲದ ಒಂದು ತೆಳು ಲೋಷನ್ ಹಿಡಿದಳು. ಮೂಗಿನ ಬದಿಯ ಹೊಟ್ಟು ಎರಡು ವಾರದಲ್ಲಿ ಇಳಿಯಿತು. ಮಿಂಚು ಹಾಗೆಯೇ ಉಳಿದಿದೆ, ಅದು ಅವಳ ವಯಸ್ಸಿನದು. ಹುಬ್ಬಿನ ನಡುವೆ, ಮೂಗಿನ ಪಕ್ಕದಲ್ಲಿ ಹಳದಿ ಬಣ್ಣದ ಜಿಡ್ಡು ಹೊಟ್ಟು ತಿಂಗಳಾದರೂ ಹೋಗದಿದ್ದರೆ, ಕೆನ್ನೆಯ ಕೆಂಪು ನಿಂತೇ ಇದ್ದರೆ, ತುರಿಕೆಯಿಂದ ನಿದ್ದೆ ಕೆಡುತ್ತಿದ್ದರೆ ಚರ್ಮದ ವೈದ್ಯರಿಗೆ ತೋರಿಸಬೇಕು. ಹೋಗುವಾಗ ಈಗ ಹಚ್ಚುತ್ತಿರುವ ಡಬ್ಬಿ, ಟ್ಯೂಬುಗಳನ್ನೆಲ್ಲ ಒಂದು ಚೀಲದಲ್ಲಿ ಹಾಕಿಕೊಂಡೇ ಹೋಗಿ.